ಹಳೆ ಕಥೆಗೆ ಹೊಸ ತಿರುವು ಕೊಡಬಹುದಾ?

ಪರ

ಚಿತ್ರದುರ್ಗದಲ್ಲಿ ಯಾರನ್ನಾದರೂ ಓಬವ್ವ ಹೇಗಿದ್ದಳು ಅಂತ ಕೇಳಿ. ಹೆಚ್ಚಿನವರ ಕಣ್ಣ ಮುಂದೆ ಬರುವುದು 1972ರ ‘ನಾಗರಹಾವು’ ಚಿತ್ರದ ಜಯಂತಿ. ಕೋಟೆಯಲ್ಲಿ ಕಿಂಡಿ ಮೊದಲೇ ಇತ್ತು, ಮುಖ ಕೊಟ್ಟವರು ಪುಟ್ಟಣ್ಣ ಕಣಗಾಲ್. ಅದರಿಂದ ಓಬವ್ವನಿಗೆ ಏನೂ ಕಡಿಮೆಯಾಗಲಿಲ್ಲ, ಅಲ್ವಾ?

ಮೂಲ ಕಥೆ, ಮೂಲ ಕಥೆ ಅಂತ ಸುಮ್ನೆ ಹಟ ಹಿಡಿಯುತ್ತೇವೆ. ಕೆಂಪು ಟೋಪಿಯ ಹುಡುಗಿಯ ಕಥೆಯನ್ನೇ ನೋಡಿ. 1697ರಲ್ಲಿ ಫ್ರಾನ್ಸಿನ ಪೆರೋ ಅಚ್ಚು ಹಾಕಿಸಿದಾಗ ತೋಳ ಹುಡುಗಿಯನ್ನು ತಿನ್ನುತ್ತದೆ, ಅಲ್ಲಿಗೆ ಕಥೆ ಮುಗಿಯಿತು. 1812ರ ಗ್ರಿಮ್ ಸಹೋದರರ ಪುಸ್ತಕದಲ್ಲಿ ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳಿ ಕಾಪಾಡುತ್ತಾನೆ. ಅದೇ ಪುಸ್ತಕದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಲು ಹೊರಟವಳು ಹೆತ್ತ ತಾಯಿ. 1819ರ ಮುದ್ರಣದ ಹೊತ್ತಿಗೆ ಅವಳು ಮಲತಾಯಿಯಾದಳು. ಇವರೆಲ್ಲ ಬದಲಿಸಿದ್ದು ಸರಿ, ಇವತ್ತಿನ ಕಲಾವಿದರು ಬದಲಿಸಿದರೆ ತಪ್ಪು ಅನ್ನುವುದು ಯಾವ ನ್ಯಾಯ?

ಅಮೆರಿಕದ ಕಿಕಿ ಸ್ಮಿತ್ 2001ರಲ್ಲಿ ಒಂದು ಕಂಚಿನ ಶಿಲ್ಪ ಮಾಡಿದರು. ತೋಳ ಅಂಗಾತ ಬಿದ್ದಿದೆ. ಸೀಳಿದ ಹೊಟ್ಟೆಯಿಂದ ಬೆಳೆದ ಹೆಂಗಸೊಬ್ಬಳು ಕಾಲು ಹೊರಗಿಟ್ಟು ನಡೆದು ಬರುತ್ತಿದ್ದಾಳೆ. ಬೇಟೆಗಾರನ ಸುಳಿವೇ ಇಲ್ಲ. ಬ್ರಿಟನ್ನಿನ ಪೌಲಾ ರೇಗೊ 2003ರಲ್ಲಿ ಇದೇ ಕಥೆಯ ಮೇಲೆ ಪ್ಯಾಸ್ಟೆಲ್ ಚಿತ್ರಗಳನ್ನು ಬರೆದರು. ಅವರ ತೋಳ ಒಬ್ಬ ಗಂಡಸು. ಒಂದು ಚಿತ್ರದಲ್ಲಿ ಹುಡುಗಿಯ ತಾಯಿ ತೋಳದ ಚರ್ಮ ಹಾಕಿಕೊಂಡು ಕೂತಿದ್ದಾಳೆ. ಇಷ್ಟು ಕಾಲ ಆ ತಾಯಿ ಎಲ್ಲಿದ್ದಳು ಅಂತ ನಾವು ಕೇಳಿಯೇ ಇರಲಿಲ್ಲ.

ನಮ್ಮ ‘ಕೆರೆಗೆ ಹಾರ’ಕ್ಕೂ ಇಂಥ ಕಣ್ಣು ಬೇಕು. ಭಾಗೀರಥಿಯನ್ನು ಬಲಿ ಕೊಡಲು ಮನೆಯವರೇ ಮಾತಾಡಿಕೊಳ್ಳುತ್ತಾರೆ. ಅವಳು ನಿಜ ಹೇಳುವುದು ಗೆಳತಿಗೆ ಮಾತ್ರ. ಆ ಗೆಳತಿಯೂ ಹಣೆಬರಹ ಅನ್ನುವ ಹಾಗೆ ಮಾತಾಡಿ ಕಳಿಸಿಬಿಡುತ್ತಾಳೆ. ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಕಲಿಯುವ ಹುಡುಗಿಯೊಬ್ಬಳು ನಾಳೆ ಕೆರೆ, ಬಲಿ ಎಲ್ಲ ಬಿಟ್ಟು ಆ ಗೆಳತಿಯ ಮುಖವನ್ನಷ್ಟೇ ಬರೆದರೆ ನಾನಂತೂ ನೋಡಲು ಹೋಗುತ್ತೇನೆ.

ವಿರೋಧ

ರೇಗೊ ಹೆಸರು ಹೇಳಿ ವಾದ ಗೆಲ್ಲುವುದು ಸುಲಭ. ಎಲ್ಲರೂ ರೇಗೊ ಅಲ್ಲವಲ್ಲ! ಕೆನಡಾದ ಡೀನಾ ಗೋಲ್ಡ್‌ಸ್ಟೀನ್ ತೆಗೆದ ಒಂದು ಫೋಟೊ ಇದೆ. ಸ್ನೋ ವೈಟ್ ಮಕ್ಕಳನ್ನು ಎತ್ತಿಕೊಂಡು ನಿಂತಿದ್ದಾಳೆ, ರಾಜಕುಮಾರ ಟಿವಿ ಮುಂದೆ ಕೂತಿದ್ದಾನೆ. ನೋಡಿದ ತಕ್ಷಣ ನಗು ಬರುತ್ತದೆ. ಇನ್ನೊಂದು ಸಲ ನೋಡಲು ಅದರಲ್ಲಿ ನನಗೇನೂ ಸಿಗಲಿಲ್ಲ. ಆ ನಗುವಾದರೂ ಬರುವುದು ಹಳೆ ಕಥೆ ಗೊತ್ತಿದ್ದವರಿಗೆ ಮಾತ್ರ.

ನಮ್ಮಲ್ಲಿ ಹಳೆ ಕಥೆ ಯಾರಿಗೆ ಗೊತ್ತಿದೆ? ಗೋವಿನ ಹಾಡನ್ನು ಪೂರ್ತಿ ಕೇಳಿದ ಮಕ್ಕಳು ಎಷ್ಟಿದ್ದಾರೆ? ಆ ಹಾಡಿನ ಕೊನೆ ಬಹಳ ಕಷ್ಟದ್ದು. ಪುಣ್ಯಕೋಟಿ ಮಾತು ಉಳಿಸಿಕೊಂಡು ವಾಪಸ್ ಬರುತ್ತಾಳೆ, ಹುಲಿ ಅವಳನ್ನು ತಿನ್ನಲಾರದೆ ಹಾರಿ ಪ್ರಾಣ ಬಿಡುತ್ತದೆ. ‘ಹುಲಿ ಯಾಕೆ ಸಾಯಬೇಕು? ಹಸಿವಾಗಿದ್ದು ಅದರ ತಪ್ಪಾ?’ ಅಂತ ಮಗು ಕೇಳಿಯೇ ಕೇಳುತ್ತದೆ. ಹಾಡು ಉತ್ತರ ಕೊಡುವುದಿಲ್ಲ. ದೊಡ್ಡವರೂ ತಡವರಿಸುತ್ತಾರೆ. ಮಗು ಆ ಹುಲಿಯನ್ನು ವರ್ಷಗಟ್ಟಲೆ ತಲೆಯಲ್ಲಿ ಇಟ್ಟುಕೊಂಡು ಬೆಳೆಯುತ್ತದೆ. ಹುಲಿ ಒಳ್ಳೆಯದಾಗಿ ಹಸುವಿನ ಜೊತೆ ಆಡುವ ಚಿತ್ರ ಬರೆದುಬಿಟ್ಟರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಚನ್ನಗಿರಿ ಹತ್ತಿರದ ಸೂಳೆಕೆರೆಗೆ ಆಗಿದ್ದೂ ಇದೇ. ಕೆರೆಗೆ ಜಾಗ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರೇ ಇಡಬೇಕು ಅಂತ ಷರತ್ತು ಹಾಕಿದರು ಅನ್ನುವುದು ಅಲ್ಲಿನ ಕಥೆ. ಈಗ ಅದು ಶಾಂತಿಸಾಗರ. ಮುಜುಗರದ ಜೊತೆ ಆ ಹೆಂಗಸರ ಷರತ್ತೂ ಹೋಯಿತು.

ಒಳ್ಳೆಯ ಕೈಗೆ ಸಿಕ್ಕಾಗಲೂ ನಷ್ಟ ಇದ್ದೇ ಇದೆ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕಥೆಯೊಂದರಲ್ಲಿ ಹುಡುಗಿ ಹೂವಿನ ಮರವಾಗುತ್ತಾಳೆ. ಗಂಡನ ತಂಗಿ, ಅವಳ ಗೆಳತಿಯರು ಕೊಂಬೆ ಮುರಿದು ಹಾಕುತ್ತಾರೆ. ಹುಡುಗಿ ಕೈಕಾಲಿಲ್ಲದೆ ಉಳಿಯುತ್ತಾಳೆ. ಕೊನೆಗೆ ಗಂಡ ನೀರು ಹಾಕಿ, ಮುರಿದ ಕೊಂಬೆಗಳನ್ನು ಸರಿ ಮಾಡಿ, ಮತ್ತೆ ನೀರು ಹಾಕಿ ಅವಳನ್ನು ಮೊದಲಿನಂತೆ ಮಾಡುತ್ತಾನೆ. ಇದೇ ಕಥೆಯ ಮೇಲೆ ಗಿರೀಶ್ ಕಾರ್ನಾಡರು ಮಾಡಿದ 1992ರ ‘ಚೆಲುವಿ’ ಚಿತ್ರದಲ್ಲಿ ಈ ಸುಖಾಂತ್ಯ ಇಲ್ಲ. ಕಡಿದ ಕಾಡು ಮರಳಿ ಬಾರದು ಅನ್ನುವುದು ಮನಸ್ಸಿಗೆ ನಾಟುತ್ತದೆ, ಒಪ್ಪೋಣ. ಆದರೆ ಗಂಡ ಕೂತು ಒಂದೊಂದೇ ಕೊಂಬೆ ಜೋಡಿಸುವ ಆ ಗಳಿಗೆ ಹೋಯಿತಲ್ಲ! ನನಗೆ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದೇ ಅದು.

ಬದಲಿಸುವವರನ್ನು ತಡೆಯಲು ನನ್ನಿಂದ ಆಗುವುದಿಲ್ಲ. ಪ್ರದರ್ಶನ ಇಡುವಾಗ ಚಿತ್ರದ ಪಕ್ಕ ಹಳೆ ಕಥೆಯನ್ನೂ ಪೂರ್ತಿ ಅಂಟಿಸಿ ಅಂತಷ್ಟೇ ಕೇಳುತ್ತೇನೆ. ನಾಲ್ಕು ಹಾಳೆ ಜಾಸ್ತಿ ಬೇಕಾಗಬಹುದು.