ಮಳೆಕಾಡಿನಲ್ಲಿ ರೈನ್ ಡ್ಯಾನ್ಸ್

ಲಾಂಗ್ ವೀಕೆಂಡ್ ಮುಗಿಯಿತು. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಅದನ್ನು ಬೈಯೋಕೆ ಬೇಕಾದಷ್ಟು ಜನ ಇದ್ದಾರೆ. ನನ್ನ ತಲೆ ಕೆಡಿಸಿರುವುದು ಘಟ್ಟದ ಅಂಚಿನ ಒಂದು ಇಕೋ ರೆಸಾರ್ಟಿನ ಜಾಹೀರಾತು. ಫೋಟೊದಲ್ಲಿ ಹಿಂದೆ ದಟ್ಟ ಕಾಡು. ಮೇಲೆ ಕಪ್ಪು ಮೋಡ. ಮಳೆ ಧೋ ಅಂತ ಸುರಿಯುತ್ತಿದೆ. ಆ ಮಳೆಯ ನಡುವೆ ಕಬ್ಬಿಣದ ಪೈಪಿನ ಚಪ್ಪರ, ಪೈಪಿನ ತುಂಬಾ ತೂತು, ತೂತಿನಿಂದ ನೀರು. ಅದರ ಕೆಳಗೆ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡ ಒಂದು ಆಫೀಸಿನ ಜನ ಕುಣಿಯುತ್ತಿದ್ದಾರೆ. ಕೆಳಗೆ ಬರೆದಿದೆ: ‘ರೈನ್ ಡ್ಯಾನ್ಸ್ ಉಚಿತ.’

ಮಳೆಯಲ್ಲಿ ನಿಂತವರ ಮೇಲೆ ಪೈಪಿನ ಮಳೆ. ಈ ಐಡಿಯಾ ಕೊಟ್ಟವನಿಗೆ ಒಂದು ರಾಜ್ಯೋತ್ಸವ ಪ್ರಶಸ್ತಿ ಕೊಡಲೇಬೇಕು.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಬೆಂಗಳೂರಿಗೆ 1,000ದ ಆಸುಪಾಸು. ನಮ್ಮ ಮಲೆನಾಡಿನ ಹಿರಿಯರು ದಡ್ಡರು. ಅಷ್ಟೆಲ್ಲ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು, ಗೊರಬು ಹಾಕಿಕೊಂಡು ಗದ್ದೆ ನೆಟ್ಟರೇ ಹೊರತು, ಅದಕ್ಕೆ ಟಿಕೆಟ್ ಇಡಬಹುದು ಅಂತ ಹೊಳೆಯಲಿಲ್ಲ. ದೇವರ ಮಳೆಯಲ್ಲಿ ದೋಷಗಳೂ ಇವೆ ಬಿಡಿ. ಬೇಕಾದಾಗ ನಿಲ್ಲುವುದಿಲ್ಲ. ಡಿಜೆ ಹಾಡು ಬದಲಾಯಿಸಿದರೆ ತಾನು ಬದಲಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಬಿಲ್ಲಿಗೆ ಸೇರಿಸೋಕೆ ಬರುವುದಿಲ್ಲ. ಹಳ್ಳಕ್ಕೆ ಮೋಟಾರ್ ಇಟ್ಟು, ನೀರೆತ್ತಿ, ಪೈಪಿನಲ್ಲಿ ಹಾಯಿಸಿ ತಲೆ ಮೇಲೆ ಸುರಿದರೆ ಆಗ ಅದು ಆಕ್ಟಿವಿಟಿ.

ಮೋಟಾರಿಗೆ ಕರೆಂಟ್ ಎಲ್ಲಿಂದ ಅಂತ ಕೇಳಬೇಡಿ. ಆಷಾಢದಲ್ಲಿ ಗಾಳಿ ಬೀಸಿ ಲೈನಿನ ಮೇಲೆ ಮರ ಬಿದ್ದರೆ ಪಕ್ಕದ ಊರಲ್ಲಿ ದಿನಗಟ್ಟಲೆ ಕತ್ತಲೆ. ಲೈನ್‌ಮ್ಯಾನ್ ಒಬ್ಬನೇ, ಹಳ್ಳಿ ಹತ್ತಾರು. ರೆಸಾರ್ಟಿನಲ್ಲಿ ಮಾತ್ರ ಡೀಸೆಲ್ ಜನರೇಟರ್ ಗುಡುಗುಡು ಅನ್ನುತ್ತಿರುತ್ತದೆ. ಇಕೋ ಜನರೇಟರ್ ಇರಬೇಕು, ಅದಕ್ಕೂ ಹಸಿರು ಬಣ್ಣ ಬಳಿದಿರುತ್ತಾರಲ್ಲ.

ಕುಣಿಯುವವರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಔಟರ್ ರಿಂಗ್ ರೋಡಿನಲ್ಲಿ ಅರ್ಧ ಗಂಟೆ ಮಳೆ ಬಂದರೆ ಮೊಣಕಾಲುದ್ದ ನೀರಿನಲ್ಲಿ ನಿಂತು ಸರ್ಕಾರಕ್ಕೆ, ಪಾಲಿಕೆಗೆ, ತಮ್ಮ ಜಾತಕಕ್ಕೆ ಎಲ್ಲಕ್ಕೂ ಶಾಪ ಹಾಕುವ ಜನ. ಕಂಪನಿ ಬಸ್ ಹತ್ತಿಸಿದೆ, ಬಂದಿದ್ದಾರೆ. ಬರದಿದ್ದರೆ ಇವನು ಟೀಮ್ ಪ್ಲೇಯರ್ ಅಲ್ಲ ಅಂತ ಎಚ್‌ಆರ್ ಬರೆದುಕೊಳ್ಳುತ್ತದೆ. ಬಂದವರಿಗೆ ಮೊದಲು ವೆಲ್‌ಕಮ್ ಡ್ರಿಂಕ್. ಆಮೇಲೆ ‘ಡಿಜಿಟಲ್ ಡಿಟಾಕ್ಸ್’ ಬಗ್ಗೆ ಮ್ಯಾನೇಜರ್ ಭಾಷಣ. ಭಾಷಣ ಮುಗಿಯುವುದರೊಳಗೆ ಹಿಂದಿನ ಸಾಲಿನಿಂದ ವೈಫೈ ಪಾಸ್‌ವರ್ಡ್ ಕೇಳುವ ದನಿ. ಕೇಳಿದವರು ಮ್ಯಾನೇಜರ್ ಹೆಂಡತಿ.

ಆಮೇಲೆ ಗಿಡ ನೆಡುವ ಕಾರ್ಯಕ್ರಮ. ಮಳೆಕಾಡಿನ ಅಂಚಿನಲ್ಲಿ ನಿಂತು, ಬ್ಯಾನರ್ ಹಿಡಿದು, ಪ್ಲಾಸ್ಟಿಕ್ ಕೊಟ್ಟೆಯ ಸಿಲ್ವರ್ ಓಕ್ ನೆಡುವುದು. ಆಸ್ಟ್ರೇಲಿಯಾದ ಮರ. ಹಿಂದೆ ನಿಂತಿರುವ ಧೂಪ, ನಂದಿ, ಹೊನ್ನೆ ಮರಗಳು ತಮ್ಮ ಪಾಡಿಗೆ ತಾವು ಹುಟ್ಟಿಕೊಂಡವು. ಅವಕ್ಕೆ ಯಾವ ಕಂಪನಿಯ ಸಿಎಸ್‌ಆರ್ ಫಂಡೂ ಸಿಕ್ಕಿರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಡಿಜೆ ನಿಂತ ಮೇಲೆ ಶುರುವಾಗುತ್ತದೆ ನಿಜವಾದ ತೊಂದರೆ. ಜೀರುಂಡೆಗಳು. ಎಷ್ಟು ಹೇಳಿದರೂ ವಾಲ್ಯೂಮ್ ಕಡಿಮೆ ಮಾಡುವುದಿಲ್ಲ. ಬೆಳಿಗ್ಗೆ ರಿಸೆಪ್ಷನ್ನಿನಲ್ಲಿ ದೂರು: ಹುಳದ ಶಬ್ದಕ್ಕೆ ನಿದ್ದೆ ಬರಲಿಲ್ಲ. ಇನ್ನೊಬ್ಬರದು ಉಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ದೂರು. ಲಾನಿನಲ್ಲಿ ನಡೆದರೆ ಕಾಲಿಗೆ ಹತ್ತಿತಂತೆ. ನಮ್ಮ ಕಡೆ ಉಂಬಳ ಹತ್ತಿದರೆ ಸ್ವಲ್ಪ ಉಪ್ಪೋ ಸುಣ್ಣವೋ ಮುಟ್ಟಿಸಿ ಕೆಲಸಕ್ಕೆ ಹೋಗುತ್ತಾರೆ. ರೆಸಾರ್ಟಿನವರು ಗಿರಾಕಿಯನ್ನು ಹಾಗೆ ಬಿಡೋಕಾಗುತ್ತಾ? ಲಾನ್ ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸುತ್ತಾರೆ. ಮಳೆ ಪೈಪಿನದು, ಹುಲ್ಲು ಪ್ಲಾಸ್ಟಿಕ್ಕಿನದು, ಜಲಪಾತಕ್ಕೆ ಸ್ವಿಚ್ ಇದೆ. ಕಾಡೊಂದು ಮಾತ್ರ ಇನ್ನೂ ಒರಿಜಿನಲ್ ಉಳಿದಿದೆ. ಅದನ್ನೂ ಸರಿ ಮಾಡುವ ತನಕ ಅವರಿಗೆ ನೆಮ್ಮದಿ ಇಲ್ಲ.

ಗುಂಪು ಕಟ್ಟಿಕೊಂಡು ಹಸಿರಿನ ನಡುವೆ ಹೋಗಿ ಒಗ್ಗಟ್ಟು ಬೆಳೆಸಿಕೊಳ್ಳುವುದನ್ನು ಈ ಐಟಿಯವರು ಕಂಡುಹಿಡಿದರು ಅಂದುಕೊಳ್ಳಬೇಡಿ. ಈ ವಿದ್ಯೆಯ ಗುರುಗಳು ನಮ್ಮ ಶಾಸಕರು. 1984ರಲ್ಲೇ ಎನ್.ಟಿ. ರಾಮರಾವ್ ಅವರ ಕಡೆಯ ಶಾಸಕರನ್ನು ಆಂಧ್ರದಿಂದ ಕರ್ನಾಟಕಕ್ಕೆ ತಂದು ಜೋಪಾನ ಮಾಡಿದ್ದೆವು. ಆಗ ಹೆಗಡೆಯವರ ಸರ್ಕಾರ. ಅಲ್ಲಿಂದ ಈಚೆಗೆ ಎಷ್ಟು ಸರ್ಕಾರಗಳು ರೆಸಾರ್ಟಿನಲ್ಲಿ ಹುಟ್ಟಿದವು, ಎಷ್ಟು ಸತ್ತವು ಅಂತ ನಿಮಗೇ ಗೊತ್ತು. ಟೀಮ್ ಬಿಲ್ಡಿಂಗ್ ಅಂದರೆ ಅದು. ಮೊಬೈಲ್ ಕಸಿದುಕೊಂಡು ಮಾಡುವ ಡಿಜಿಟಲ್ ಡಿಟಾಕ್ಸನ್ನೂ ಮೊದಲು ಮಾಡಿದವರು ಅವರೇ.

ಆದರೆ ಎಲ್ಲೋ ಒಂದು ಮೊಬೈಲ್ ಉಳಿದುಬಿಡುತ್ತದೆ. 2022ರ ಜೂನ್‌ನಲ್ಲಿ ಶಿವಸೇನೆಯ ಬಂಡಾಯ ಶಾಸಕರು ಗುವಾಹಟಿಯ ಹೋಟೆಲಿನಲ್ಲಿದ್ದರಲ್ಲ, ಆಗ ಅವರಲ್ಲೊಬ್ಬರಾದ ಶಹಾಜಿ ಪಾಟೀಲರು ಊರಿನ ಕಾರ್ಯಕರ್ತನಿಗೆ ಫೋನ್ ಮಾಡಿದ್ದು ದೇಶಕ್ಕೆಲ್ಲ ಕೇಳಿಸಿತು. ‘ಕಾಯ್ ಝಾಡಿ, ಕಾಯ್ ಡೊಂಗರ್, ಕಾಯ್ ಹಾಟೇಲ್!’ ಏನು ಗಿಡ, ಏನು ಗುಡ್ಡ, ಏನು ಹೋಟೆಲ್ಲು! ಆ ಮನುಷ್ಯನ ಖುಷಿಯಲ್ಲಿ ಒಂದು ಚೂರೂ ನಾಟಕ ಇರಲಿಲ್ಲ, ನನಗೆ ಇವತ್ತಿಗೂ ಅವರ ಮೇಲೆ ಪ್ರೀತಿ. ಅದೇ ವಾರ ಅದೇ ಅಸ್ಸಾಮಿನಲ್ಲಿ ಸಿಲ್ಚರ್ ನೀರಿನಲ್ಲಿ ಮುಳುಗಿತ್ತು. ಲಕ್ಷಾಂತರ ಜನ ಮನೆ ಬಿಟ್ಟಿದ್ದರು. ಹೋಟೆಲಿನ ಕಿಟಕಿಯಿಂದ ಅದು ಕಾಣುತ್ತಿರಲಿಲ್ಲ. ಗುಡ್ಡ ಅಡ್ಡ ಇತ್ತು.

ಇನ್ನು ನಮ್ಮ ಆಡಳಿತ ಸುಮ್ಮನೆ ಕೂತಿದೆ ಅಂತ ಯಾರೂ ಹೇಳಬಾರದು. 2023ರ ಜುಲೈನಲ್ಲಿ ದೂಧ್‌ಸಾಗರ್ ನೋಡೋಕೆ ಹಳಿ ಮೇಲೆ ನಡೆದುಕೊಂಡು ಹೋದ ಹುಡುಗರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದರು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜಾತ್ರೆಯಂತೆ ಜನ ನುಗ್ಗಿದ ಮೇಲೆ ಚಾರಣಕ್ಕೆ ತಡೆ ಬಿತ್ತು, ಆಮೇಲೆ ಆನ್‌ಲೈನ್ ಬುಕಿಂಗ್ ಬಂತು. ಮುಳ್ಳಯ್ಯನಗಿರಿಗೂ ಈಗ ಮುಂಗಡ ನೋಂದಣಿ, ದಿನಕ್ಕೆ ಇಷ್ಟೇ ಗಾಡಿ ಅಂತ ಲೆಕ್ಕ. ಒಳ್ಳೆಯದೇ. ಚಾರಣ ಮಾಡುವವನ ಚೀಲ ಬಿಚ್ಚಿಸಿ ಬಿಸ್ಕೆಟ್ ಪೊಟ್ಟಣ ಎಣಿಸುತ್ತಾರೆ, ಅದೂ ಸರಿಯೇ. ಗುಡ್ಡದ ಸೊಂಟ ಕಡಿದು ಈಜುಕೊಳಕ್ಕೆ ಜಾಗ ಮಟ್ಟ ಮಾಡುವ ಜೆಸಿಬಿಯ ಚೀಲ ಯಾರು ಬಿಚ್ಚಿಸುತ್ತಾರೆ? ಅದಕ್ಕೆ ಯಾರು ಬಸ್ಕಿ ಹೊಡೆಸುತ್ತಾರೆ?

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಮನೆ, ತೋಟ, ರಸ್ತೆ ಎಲ್ಲವನ್ನೂ ಹೊತ್ತುಕೊಂಡು ಕೆಳಗೆ ಬಂದವು. ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದರು. ಕೇಳಿಸಿಕೊಂಡೆವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಇಳಿಯಿತು. ಜುಲೈ 30ರ ಬೆಳಗಿನ ಜಾವ ವಯನಾಡು. ಮರುದಿನವೇ, ಅಂದರೆ ಜುಲೈ 31ರ ತಾರೀಖು ಹಾಕಿ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಕೇಂದ್ರ ಹೊರಡಿಸಿತು. ಆರನೇ ಕರಡು! ಮೊದಲನೆಯದು ಬಂದದ್ದು 2014ರಲ್ಲಿ. ಆಗ ಒಂದನೇ ಕ್ಲಾಸಿಗೆ ಸೇರಿದ ಮಗು ಹತ್ತನೇ ಕ್ಲಾಸ್ ಮುಗಿಸಿತು, ಕರಡು ಮಾತ್ರ ಇನ್ನೂ ಕರಡೇ. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. 2024ರ ಆಗಸ್ಟ್‌ನಲ್ಲಿ ನಮ್ಮ ಅರಣ್ಯ ಸಚಿವರು ಘಟ್ಟದ ಒತ್ತುವರಿ ತೆರವು ಅಂತ ಗುಡುಗಿದರು. ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಕೂತು ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿ ಬೇಡ ಅಂತ ತೀರ್ಮಾನ ಮಾಡಿತು.

ಒಂದು ಮಾತು ಹೇಳಲೇಬೇಕು. ಆ ವರದಿಗೆ ಹೆದರುವ ಎರಡೆಕರೆ ತೋಟದವನ ಹೆದರಿಕೆ ಸುಳ್ಳಲ್ಲ. ನಾಳೆ ಸೌದೆ ತರೋಕೂ ಗಾರ್ಡ್ ಬಿಡುವುದಿಲ್ಲ ಅನ್ನುವುದು ಅವನ ಭಯ. ಅವನನ್ನು ಕೂರಿಸಿಕೊಂಡು ಯಾರೂ ವಿವರಿಸಲಿಲ್ಲ. ವಿವರಿಸಿದ್ದರೆ ಕರಡು ನಿಲ್ಲಿಸುವುದು ಗಣಿ, ಕ್ವಾರಿ, ಉಷ್ಣ ವಿದ್ಯುತ್ ಸ್ಥಾವರದಂಥವನ್ನು, ಕಟ್ಟಡದಲ್ಲಾದರೆ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡದನ್ನು ಅಂತ ಗೊತ್ತಾಗುತ್ತಿತ್ತು. ನಮ್ಮ ರೈನ್ ಡ್ಯಾನ್ಸ್ ಚಪ್ಪರ ಆ ಲೆಕ್ಕದೊಳಗೆ ಆರಾಮಾಗಿ ನುಸುಳುತ್ತದೆ. ಆದರೂ ಪ್ರತಿಭಟನೆಯ ಮುಂದಿನ ಸಾಲಿನಲ್ಲಿ ಆ ರೈತನನ್ನು ನಿಲ್ಲಿಸಿ, ಹಿಂದೆ ನಿಂತು ‘ರೈತರ ಬದುಕು ಹೋಯಿತು’ ಅಂತ ಕೂಗಿಸುವವರು ಯಾರು ಅಂತ ಘಟ್ಟದ ಜನರಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿರುತ್ತೇವೆ. ತಮ್ಮನ ಮಗನಿಗೆ ರೆಸಾರ್ಟಿನಲ್ಲೇ ಡ್ರೈವರ್ ಕೆಲಸ ಸಿಕ್ಕಿದೆ. ಮಣ್ಣಿನಡಿ ಹೋದವರ ಹೆಸರು ಮಾತ್ರ ಯಾರಿಗೂ ನೆನಪಿಲ್ಲ, ಪ್ರತಿ ಜೂನ್‌ಗೆ ಆರೆಂಜ್ ಅಲರ್ಟ್ ಕೊಟ್ಟು ಕೈ ತೊಳೆದುಕೊಳ್ಳುವುದೊಂದೇ ನಮ್ಮ ತಯಾರಿ. ಬರೆದು ಬರೆದು ಸಾಕಾಗಿದೆ.

ಇರಲಿ, ಜಾಹೀರಾತಿನಲ್ಲಿ ಇನ್ನೊಂದು ಸಾಲಿದೆ: ‘ವೈಲ್ಡ್‌ಲೈಫ್ ಅನುಭವ.’ ಸಕಲೇಶಪುರ, ಆಲೂರು ಕಡೆ ಈ ಅನುಭವ ಪುಕ್ಕಟೆ ಸಿಗುತ್ತದೆ. ಆನೆ ಯಾವ ತೋಟದಲ್ಲಿದೆ ಅಂತ ಅಲ್ಲಿನ ಜನರಿಗೆ ಮೊಬೈಲಿಗೆ ಮೆಸೇಜ್ ಬರುತ್ತದೆ, ರಸ್ತೆ ಪಕ್ಕದ ಎಲ್‌ಇಡಿ ಬೋರ್ಡಿನಲ್ಲೂ ಬರುತ್ತದೆ. ಅದನ್ನು ನೋಡಿಕೊಂಡೇ ಕೂಲಿಯವರು ಕಾಫಿ ಕೊಯ್ಯೋಕೆ ಹೋಗಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಅದೇ ಮೆಸೇಜನ್ನು ನಾಳೆ ಯಾವನಾದರೂ ರೆಸಾರ್ಟಿನವನು ಗಿರಾಕಿಗಳ ಗುಂಪಿಗೆ ಫಾರ್ವರ್ಡ್ ಮಾಡುತ್ತಾನೆ. ಮುಂಜಾನೆ ಆರಕ್ಕೆ ಎಲಿಫೆಂಟ್ ಪಾಯಿಂಟ್, ಜೀಪು ರೆಡಿ, ತಲೆಗೆ ಎಂಟುನೂರು, ಜಿಎಸ್‌ಟಿ ಬೇರೆ. ಆನೆ ಬರದಿದ್ದರೆ ದುಡ್ಡು ವಾಪಸ್ ಇಲ್ಲ. ಬಂದರೂ ಇಲ್ಲ.