ಸ್ಪಷ್ಟನೆ: 'ಬ್ಯಾಡ್ ಇಂಟರ್‌ಪ್ರಿಟರ್' ದೋಷಕ್ಕೆ ಚ್ಮಾಡ್ 777 ಪರಿಹಾರವಲ್ಲ

ವಿಂಡೋಸ್‌ನಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳ ಪಟ್ಟಿಯಿರುವ ಫೈಲ್) ಲಿನಕ್ಸ್‌ನಲ್ಲಿ 'ಬ್ಯಾಡ್ ಇಂಟರ್‌ಪ್ರಿಟರ್: ನೋ ಸಚ್ ಫೈಲ್' ಎಂದರೆ ಚ್ಮಾಡ್ 777 (chmod, ಫೈಲನ್ನು ಓದುವ, ತಿದ್ದುವ, ಓಡಿಸುವ ಅನುಮತಿಯನ್ನು ಎಲ್ಲರಿಗೂ ಕೊಡುವ ಕಮಾಂಡ್) ಕೊಡಿ, ಇಲ್ಲವೇ ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ ಆದ ಬ್ಯಾಶ್ ಮರುಇನ್‌ಸ್ಟಾಲ್ ಮಾಡಿ ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ತಪ್ಪು.

ಅನುಮತಿಯ ತೊಂದರೆಯಾಗಿದ್ದರೆ 'ಪರ್ಮಿಷನ್ ಡಿನೈಡ್' ಎಂದು ಬರುತ್ತಿತ್ತು. ಇಲ್ಲಿ ಕೆಟ್ಟಿರುವುದು ಸಾಲಿನ ಕೊನೆ. ಯುನಿಕ್ಸ್ ಸಾಲನ್ನು ಲೈನ್ ಫೀಡ್ (ಬೈಟ್ 10) ಒಂದರಿಂದಲೇ ಮುಗಿಸುತ್ತದೆ. ವಿಂಡೋಸ್ ಅದಕ್ಕೆ ಮುಂಚೆ ಕ್ಯಾರೇಜ್ ರಿಟರ್ನ್ (ಬೈಟ್ 13) ಸೇರಿಸುತ್ತದೆ. ಸ್ಕ್ರಿಪ್ಟನ್ನು ಯಾವ ಪ್ರೋಗ್ರಾಂ ಓಡಿಸಬೇಕೆಂಬ ಹೆಸರು ಮೊದಲ ಸಾಲಿನಲ್ಲಿರುತ್ತದೆ. ಅದನ್ನು ಓದುವ ಕರ್ನಲ್ (ಲಿನಕ್ಸ್‌ನ ತಿರುಳು) ಆ 13ನ್ನೂ ಹೆಸರಿನ ಭಾಗವೆಂದೇ ಹಿಡಿದು, 'ಬ್ಯಾಶ್' ಬಾಲಕ್ಕೆ ಕಾಣದ ಅಕ್ಷರ ಅಂಟಿದ ಫೈಲ್ ಹುಡುಕುತ್ತದೆ. ಅಂಥ ಫೈಲ್ ಇರುವುದಿಲ್ಲ. 777 ಫೈಲಿನೊಳಗಿನ ಒಂದು ಬೈಟನ್ನೂ ಬದಲಿಸದು. ಬದಲಿಗೆ ಆ ಸಿಸ್ಟಮ್‌ನ ಯಾವ ಬಳಕೆದಾರ ಬೇಕಾದರೂ ನಿಮ್ಮ ಸ್ಕ್ರಿಪ್ಟ್ ತಿದ್ದುವಂತೆ ಮಾಡುತ್ತದೆ. ಸರ್ವರ್‌ನಲ್ಲಿ ಇದು ನಿಜಕ್ಕೂ ಅಪಾಯ.

ಖಚಿತಪಡಿಸಿಕೊಳ್ಳಲು ಕ್ಯಾಟ್ ಕಮಾಂಡನ್ನು ದೊಡ್ಡಕ್ಷರದ ಎ ಆಯ್ಕೆಯೊಂದಿಗೆ (cat -A) ಓಡಿಸಿ. ಸಾಲಿನ ತುದಿಯಲ್ಲಿ ಬರೀ ಡಾಲರ್ ಚಿಹ್ನೆ ಇದ್ದರೆ ಸರಿ. ಅದಕ್ಕೆ ಮುಂಚೆ ಟೊಪ್ಪಿ ಗುರುತು ಮತ್ತು ಎಂ (^M) ಕಂಡರೆ ಇದೇ ದೋಷ. ಡಾಸ್‌2ಯುನಿಕ್ಸ್ ಕಮಾಂಡ್‌ಗೆ ಫೈಲಿನ ಹೆಸರು ಕೊಟ್ಟರೆ ಸರಿಯಾಗುತ್ತದೆ. ಅದರ ಬದಲು ಟಿಆರ್ (tr, ಬೇಡದ ಅಕ್ಷರ ಅಳಿಸಬಲ್ಲ ಕಮಾಂಡ್) ಬಳಸುವವರು ಔಟ್‌ಪುಟ್ ಬೇರೆ ಫೈಲಿಗೆ ಬರೆಯಿರಿ, ಅದೇ ಫೈಲಿಗೆ ತಿರುಗಿಸಿದರೆ ಅದು ಖಾಲಿಯಾಗುತ್ತದೆ.

ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಸಾಧನ) ಬಳಸುವ ತಂಡಗಳು ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಶೆಲ್ ಸ್ಕ್ರಿಪ್ಟ್‌ಗಳಿಗೆ 'ಇಒಎಲ್=ಎಲ್‌ಎಫ್' ಎಂದು ಬರೆದಿಟ್ಟರೆ ಮತ್ತೆ ಕಾಡುವುದಿಲ್ಲ. ವಿಂಡೋಸ್ ಬ್ಯಾಚ್ ಫೈಲ್‌ಗಳನ್ನು ಮಾತ್ರ ಹೀಗೆ ಪರಿವರ್ತಿಸಬೇಡಿ. ಬೇರೆ ಸಾಲಿಗೆ ಜಿಗಿಯಲು ಅವುಗಳಲ್ಲಿ ಬಳಸುವ ಗೋಟು ಲೇಬಲ್‌ಗಳು ಕೈಕೊಡಬಹುದು.

777ರ ಸಂದೇಶ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ 777 ಕೊಟ್ಟವರು 755ಕ್ಕೆ (ತಿದ್ದುವ ಅನುಮತಿ ಮಾಲೀಕರಿಗೆ ಮಾತ್ರ) ಇಳಿಸಿಬಿಡಿ.