ಓಬವ್ವನ ಕಿಂಡಿಯ ಪಕ್ಕದಲ್ಲೇ

ಧೈರ್ಯ ಬೇಕಿರುವುದು ಗಡಿಯ ಸೈನಿಕರಿಗೆ, ನಾವು ತೆರಿಗೆ ಕಟ್ಟಿದರೆ ಸಾಕು ಎಂದು ಬರೆದ ಲೇಖಕರೊಬ್ಬರ ಮಾತನ್ನು ಚಿತ್ರದುರ್ಗದವನಾದ ನಾನು ಒಪ್ಪಲಾರೆ. ಒನಕೆ ಹಿಡಿದ ಓಬವ್ವ ಸೈನ್ಯದವಳಲ್ಲ. ಕಾವಲುಗಾರನ ಹೆಂಡತಿ, ಗಂಡ ಊಟಕ್ಕೆ ಕುಳಿತಾಗ ನೀರಿಗೆಂದು ಹೋದವಳು.

ಹೋದ ಭಾನುವಾರ ಅದೇ ಕಿಂಡಿಯ ಬಳಿ ಯುವಕನೊಬ್ಬ ಬೈಕಿನ ಕೀಲಿಯಿಂದ ಬಂಡೆಯ ಮೇಲೆ ಹೆಸರು ಕೆತ್ತುತ್ತಿದ್ದ. ನಾವು ಏಳೆಂಟು ದೊಡ್ಡವರು ಸುಮ್ಮನೆ ನೋಡುತ್ತಾ ನಿಂತಿದ್ದೆವು. ಪ್ರವಾಸಕ್ಕೆ ಬಂದ ಪುಟ್ಟ ಹುಡುಗಿಯೊಬ್ಬಳು, "ಅಣ್ಣಾ, ಇದು ನಿಮ್ಮ ಮನೆಯ ಗೋಡೆಯೇ?" ಎಂದಳು. ಕೀಲಿ ಜೇಬಿಗೆ ಇಳಿಯಿತು.

ಪರಂಪರೆಯನ್ನು ಕಾಪಾಡುವುದು ಕರ್ತವ್ಯವೆಂದು ಸಂವಿಧಾನಕ್ಕೆ 1976ರಲ್ಲಿ ಸೇರಿದ 51ಎ ವಿಧಿ ಹೇಳುತ್ತದೆ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವನು ನಾನು (ಅಂಕಗಳೂ ಚೆನ್ನಾಗಿಯೇ ಬಂದಿದ್ದವು). ಆ ಹೊತ್ತಿಗೆ ಬಾಯಿಯೇ ಬರಲಿಲ್ಲ. ಅರ್ಧ ಕೆತ್ತಿದ ಅಕ್ಷರ ಈಗಲೂ ಅಲ್ಲೇ ಇದೆ.